ಬದಾಮಿನ ದುಗ್ಗಿ

ಸಿಂದಗಿ,
ಗುರುವಾರ, ೨೨–೬–೧೯೬೧

ಪ್ರೀತಿಯ ಮಗಳು ಜೈತುನಬಿಗೆ, ನಿನ್ನ ತಂದೆ ಶಮಶುದ್ದೀನ ಮಾಡುವ ಅನೇಕ ದುವಾಗಳು.

ಇಲ್ಲಿ ನಾನೂ ನಿನ್ನ ತಾಯಿಯೂ ಕ್ಷೇಮ. ಇಂಡಿಯಲ್ಲಿ ನೀನು, ಅಳಿಯಂದಿರು ಇಸಾಕ ಅವರು, ನಿನ್ನ ಅತ್ತೆ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡೂ ಕಾಗದಗಳು ಮುಟ್ಟಿವೆ. ಉತ್ತರ ತಡವಾಯಿತು. ಮೂರು ದಿನದಿಂದ ಬರೆಯುವುದು, ಹರಿದು ಒಲೆಗೆ ಹಾಕುವುದು ನಡೆದಿದೆ. ಇದು ನಾಲ್ಕನೆಯದು. ಇದನ್ನೂ ಹರಿದರೆ ಮನೆಯಲ್ಲಿ ಕಾಗದವೇ ಉಳಿಯುವುದಿಲ್ಲ, ಆದ್ದರಿಂದ ಹೇಗಾಗುತ್ತದೋ ಹಾಗೆ ಬರೆದು ಕಳಿಸುತ್ತಿದ್ದೇನೆ. ಮನೆಯ ವಿಳಾಸಕ್ಕೆ ಬೇಡವೆಂದು ಅಳಿಯಂದಿರು ಕೆಲಸ ಮಾಡುವ ಸೊಸೈಟಿಯ ವಿಳಾಸಕ್ಕೇ ಹಾಕುತ್ತೇನೆ. ಅವರು ಓದಿದರೂ ಅಡ್ಡಿಯಿಲ್ಲ.

ಮಗಳೇ, ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಕೆಲಸ ಆಗಲಿಲ್ಲ. ವಿಜಾಪುರದ ಶಿಕ್ಷಕಿಯರ ಟ್ರೇನಿಂಗಿನ ಅರ್ಜಿಯ ಮೇಲೆ ನಿನ್ನ ಮಾವನ ಸಹಿ ಬೀಳಲಿಲ್ಲ. ಅರ್ಜಿ ಕೊಡುವ ಅವಧಿ ನಿನ್ನೆಗೆ ಮುಗಿಯಿತು. ಬರುವ ವರ್ಷಕ್ಕೆ ನಿನಗೆ ವಯಸ್ಸು ದಾಟುತ್ತದೆ, ಇದೇ ಕೊನೆಯ ಅವಕಾಶ ಎಂದು ನೀನೇ ಬರೆದಿದ್ದೆ. "ಅಪ್ಪ, ಇವರು ಒಪ್ಪಿದ್ದಾರೆ. ಆದರೆ ಮಾವನ ಮುಂದೆ ಬಾಯಿ ತೆರೆಯಲು ಇವರಿಗೂ ಧೈರ್ಯವಿಲ್ಲ, ನನಗೂ ಇಲ್ಲ. ನೀವು ಕೇಳಿದರೆ ಮಾವ ಇಲ್ಲವೆನ್ನಲಾರರು" ಎಂಬ ನಿನ್ನ ಆ ಸಾಲನ್ನು ನಾನು ನಿನ್ನ ತಾಯಿಗೆ ಎರಡು ಸಲ ಓದಿ ಹೇಳಿದ್ದೆ. ಓದುವಾಗ ನನ್ನ ಮೀಸೆ ಸ್ವಲ್ಪ ಮೇಲೇರಿತ್ತು ಎಂದು ಆಕೆ ಈಗ ಹೇಳುತ್ತಾಳೆ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಕೇಂದ್ರಕ್ಕೇ ಮೊದಲಿಗಳಾಗಿ ಪಾಸಾದ ಹುಡುಗಿಯನ್ನು ಅದೇ ವರ್ಷ ಮದುವೆ ಮಾಡಿ ಕಳಿಸಿದವನು ನಾನು. ಬೀಗರ ಮನೆತನ ಒಳ್ಳೆಯದು, ಹುಡುಗ ಸಭ್ಯಸ್ಥ, ಮತ್ತೆ ಇಂಥ ಸಂಬಂಧ ಸಿಗುತ್ತದೋ ಇಲ್ಲವೋ ಎಂಬ ಅವಸರ ನನ್ನದು. ಆಗ ನೀನು ಎರಡು ದಿನ ಊಟ ಬಿಟ್ಟೆ. ಮುಂದೆ ಓದಿಸುವ ಹೊಣೆ ನನ್ನದು ಎಂದು ನಿನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ ಮೇಲೆ ಉಂಡೆ. ಅದನ್ನು ನೀನು ನಿನ್ನ ಕಾಗದದಲ್ಲಿ ಎಲ್ಲಿಯೂ ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಇನ್ನು ನಡೆದದ್ದನ್ನು ಹೇಳುತ್ತೇನೆ. ನಿನ್ನ ಮಾವ ರಸೂಲಸಾಬರು ಯಂಕಂಚಿಯ ತಂಗಿಯ ಮನೆಗೆ ಬಂದಿದ್ದವರು, ಕಳೆದ ರವಿವಾರ ಮುಂಜಾನೆ ಹತ್ತರ ಸುಮಾರಿಗೆ ನಮ್ಮಲ್ಲಿಗೆ ಬಂದರು. ಅದೇ ದಿನ ನಾಲ್ಕೂವರೆಯ ಬಸ್ಸಿಗೆ ಇಂಡಿಗೆ ಹೊರಡುವುದು, ಮರುದಿನ ಬೆಳಿಗ್ಗೆ ಸೊಲ್ಲಾಪುರದ ಗಾಡಿ ಹಿಡಿಯುವುದು, ಅಲ್ಲಿ ಹತ್ತು ದಿನ ಇರುವುದು ಎಂದು ಬಂದ ಕೂಡಲೇ ಹೇಳಿದರು. ಅಂದರೆ ಕೇಳುವುದಿದ್ದರೆ ಆವತ್ತೇ ಕೇಳಬೇಕು. ಅವರ ಸಹಿ ಬಿದ್ದರೆ ಸೋಮವಾರ ನಾನೇ ವಿಜಾಪುರಕ್ಕೆ ಹೋಗಿ ಅರ್ಜಿ ಕೊಟ್ಟು ಬರುವುದೆಂದು ಬಸ್ಸಿನ ವೇಳೆಯನ್ನೂ ವಿಚಾರಿಸಿ ಇಟ್ಟಿದ್ದೆ. ನೀನು ತುಂಬಿ ಕಳಿಸಿದ್ದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೆ.

ನಿನ್ನ ತಾಯಿ ಕೋಳಿ ಸಾರು, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಶಾವಿಗೆ ಪಾಯಸ ಎಲ್ಲ ಮಾಡಿದ್ದಳು. ಬೀಗರು ಮನಸ್ಸಿಟ್ಟು ಉಂಡರು. ಕೈತೊಳೆಯಲು ನೀರು ಕೊಡುವ ನೆಪದಲ್ಲಿ ಆಕೆ ನನ್ನನ್ನು ಹಿತ್ತಲಿಗೆ ಕರೆದು, ಎಲೆ ಅಡಿಕೆ ಹಾಕಿಕೊಳ್ಳುವಾಗ ಕೇಳಿಬಿಡಿರಿ, ಹೊಟ್ಟೆ ತುಂಬಿದವರು ಇಲ್ಲವೆನ್ನುವುದಿಲ್ಲ ಎಂದಳು. ನಾನು ಆಕೆಯನ್ನು ಸುಮ್ಮನಾಗಿಸಿದೆ. ಬೀಗರಿಗೆ ಉಣಿಸಿ, ಅದೇ ಉಸಿರಿಗೆ ಕಾಗದ ಮುಂದೆ ಹಿಡಿದರೆ ಲಂಚ ಕೊಟ್ಟ ಹಾಗೆ ಕಾಣುತ್ತದೆ ಎಂದೆ. ನನ್ನ ಲೆಕ್ಕಾಚಾರ ಬೇರೆ ಇತ್ತು. ನಿನ್ನ ಮಾವನಿಗೆ ಸೊಲ್ಲಾಪುರದ ವ್ಯಾಪಾರಸ್ಥರ ಕ್ಲಬ್ಬಿನಲ್ಲಿ ಕಲಿತ ಬ್ರಿಜ್ ಎಂಬ ಎಲೆಗಳ ಆಟವೆಂದರೆ ಜೀವ, ಅದು ನಿನಗೇ ಗೊತ್ತು. ಆಟ ಗೆದ್ದ ದಿನ ಅವರು ಎದುರಿಗೆ ಬಂದವರಿಗೆಲ್ಲ ಸಲಾಮು ಹೊಡೆಯುತ್ತಾರೆ ಎಂದು ನೀನೇ ಬರೆದಿದ್ದೆ. ಕ್ಲಬ್ಬಿಗೆ ಕರೆದೊಯ್ಯೋಣ, ಜೋಡಿಯಾಗಿ ಗೆಲ್ಲೋಣ, ಗೆದ್ದ ಗುಂಗಿನಲ್ಲಿ ಇರುವಾಗ ಅರ್ಜಿ ಮುಂದೆ ಹಿಡಿಯೋಣ ಎಂಬುದು ನನ್ನ ಹಂಚಿಕೆ. ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿ ಕಾರಕೂನನಾಗಿ, ಕಡೆಗೆ ಶಿರಸ್ತೇದಾರನಾಗಿ ದುಡಿದವನ ಬುದ್ಧಿ ನೋಡು.

ಕ್ಲಬ್ಬು ಎಂದರೆ ತಾಲೂಕು ಕಚೇರಿಯ ಹಿಂದಿನ ಅದೇ ಎರಡು ಕೋಣೆ. ಒಂದೂವರೆಗೆ ನಾವು ಹೋದಾಗ ಡಾಕ್ಟರ ಬಸಂತರಾಯರೂ ವಕೀಲ ಮಡಿವಾಳಪ್ಪನವರೂ ಕಾಯುತ್ತಿದ್ದರು. ಬೀಗರನ್ನು ಎದುರಾಳಿ ಮಾಡಿಕೊಳ್ಳುವ ಹಾಗಿಲ್ಲ. ಗೆದ್ದರೆ ಬೀಗರ ಮಾನ ಕಳೆದ ಎನ್ನುತ್ತಾರೆ, ಬೇಕೆಂದು ಸೋತರೆ ಬೀಗರೇ ಹಿಡಿದುಬಿಡುತ್ತಾರೆ. ಆದ್ದರಿಂದ ಬೀಗರು ನನ್ನ ಜೋಡಿ, ಡಾಕ್ಟರು ವಕೀಲರು ಒಂದು ಜೋಡಿ. ಪಣವಿಲ್ಲ, ಏನಿಲ್ಲ, ಬರೀ ಸ್ನೇಹದ ಆಟ.

ನಮ್ಮ ಕ್ಲಬ್ಬಿನ ಇನ್ನೊಂದು ಪದ್ಧತಿ ನಿನಗೆ ಗೊತ್ತಿರಲಿಕ್ಕಿಲ್ಲ. ಆಟ ಮುಗಿದ ಮೇಲೆ ಎಲ್ಲರ ಎಲೆಗಳನ್ನೂ ಮತ್ತೆ ಮೇಜಿನ ಮೇಲೆ ಅಂಗಾತ ಹಾಸಬೇಕು. ಯಾರು ಎಲ್ಲಿ ತಪ್ಪಿದರು, ಏನು ಆಡಿದ್ದರೆ ಏನಾಗುತ್ತಿತ್ತು ಎಂಬುದು ತೀರ್ಮಾನವಾಗುವವರೆಗೆ ಯಾರೂ ಏಳುವ ಹಾಗಿಲ್ಲ. ಆಡುವವರಲ್ಲಿ ಕೋರ್ಟಿನವರೇ ಹೆಚ್ಚು, ಹಾಗಾಗಿ ಇದಕ್ಕೆ ಪಂಚನಾಮೆ ಎಂದೇ ಹೆಸರು. ಕೆಲವು ಸಲ ಆಟಕ್ಕಿಂತ ಪಂಚನಾಮೆಯೇ ಉದ್ದವಾಗುತ್ತದೆ. ನಾನು ಅದರಲ್ಲಿ ಯಾರಿಗೂ ಸೋತವನಲ್ಲ.

ಮೊದಲ ಸರತಿ ನಮ್ಮದಾಯಿತು, ಎರಡನೆಯದು ಅವರದು. ಬೀಗರು ಖುಷಿಯಲ್ಲಿದ್ದರು. "ನಿಮ್ಮ ಜೋಡಿ ಆಡಿದ್ರ ಮಜಾ ಐತ್ರಿ ಬೀಗ್ರ" ಎಂದು ಒಮ್ಮೆ ಅಂದರು ಕೂಡ. ಅದನ್ನು ಕೇಳಿ ನನ್ನ ತಲೆ ಸ್ವಲ್ಪ ತಿರುಗಿರಬೇಕು. ಗಡಿಯಾರದಲ್ಲಿ ಮೂರೂವರೆ ದಾಟಿತ್ತು. ಇನ್ನೊಂದೇ ಆಟ, ಗೆದ್ದವರು ಗೆದ್ದಂತೆ ಎಂದು ತೀರ್ಮಾನವಾಯಿತು.

ನೀನು ಚಿಕ್ಕವಳಿದ್ದಾಗ ನಿನಗೆ ಎಲೆಗಳ ಹೆಸರು ಕಲಿಸಿದ್ದೆ. ಮರೆತಿದ್ದರೆ ಇಷ್ಟು ನೆನಪಿಟ್ಟುಕೊಂಡರೆ ಸಾಕು. ಒಬ್ಬೊಬ್ಬರಿಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಕೈ, ದೊಡ್ಡ ಎಲೆ ಹಾಕಿದವನು ಆ ಕೈ ಗೆಲ್ಲುತ್ತಾನೆ. ಇಷ್ಟು ಕೈ ಗೆಲ್ಲುತ್ತೇವೆಂದು ಮೊದಲೇ ಮಾತು ಕೊಡಬೇಕು. ಡಾಕ್ಟರು ಇಸ್ಪೀಟನ್ನು, ಆ ಕರಿ ಎಲೆಯಾಕಾರದ ಗುರುತನ್ನು, ಹುಕುಮು ಮಾಡಿ ಹದಿಮೂರರಲ್ಲಿ ಹತ್ತು ಕೈ ಗೆಲ್ಲುತ್ತೇನೆಂದರು. ಆಡಿದ ಗುರುತಿನ ಎಲೆ ಇಲ್ಲದವನು ಹುಕುಮು ಹಾಕಿ ಎಷ್ಟು ದೊಡ್ಡ ಎಲೆಯನ್ನೂ ಹೊಡೆಯಬಹುದು. ಅವರನ್ನು ಮುರಿಯಲು ನಮಗೆ ನಾಲ್ಕು ಕೈ ಸಿಕ್ಕರೆ ಸಾಕು. ಮೊದಲ ಎಲೆ ಬಿಡುವ ಸರತಿ ನನ್ನದು.

ನನ್ನ ಕೈಯಲ್ಲಿ ಬದಾಮಿನ ಎಕ್ಕ ಇತ್ತು, ಆ ಕೆಂಪು ಹೃದಯದ ಗುರುತಿನದು. ಎಕ್ಕ ಎಲ್ಲಕ್ಕಿಂತ ದೊಡ್ಡದು. ಅದನ್ನು ಇಟ್ಟಿದ್ದರೆ ಮೊದಲ ಕೈ ನಮ್ಮದೇ. ಶಾಲೆಯ ಹುಡುಗನೂ ಅದನ್ನೇ ಇಡುತ್ತಿದ್ದ. ಆದರೆ ನನ್ನಲ್ಲಿ ಕಿಲಾವರದ, ಆ ಕರಿ ಹೂವಿನ ಗುರುತಿನ, ಒಂದೂ ಎಲೆ ಇರಲಿಲ್ಲ. ನಾನು ಯೋಚಿಸಿದೆ: ಬದಾಮಿನ ಎರಡನ್ನು, ಅದೇ ದುಗ್ಗಿಯನ್ನು ಬಿಟ್ಟರೆ, ಬೀಗರ ಬಳಿ ಬದಾಮಿನ ರಾಜ ಇದ್ದರೆ, ಆ ಕೈ ಅವರು ಗೆಲ್ಲುತ್ತಾರೆ. ಗೆದ್ದವರು ಕಿಲಾವರ ಆಡಿದರೆ ನಾನು ಸಣ್ಣ ಹುಕುಮಿನಿಂದ ಹೊಡೆಯುತ್ತೇನೆ. ಆಮೇಲೆ ಎಕ್ಕ ಇದ್ದೇ ಇದೆ. ಮೊದಲ ಮೂರು ಕೈಗಳೂ ನಮ್ಮವಾದರೆ ನಾಲ್ಕನೆಯದು ಕಷ್ಟವೇ, ಡಾಕ್ಟರ ಆಟ ಮುರಿದಂತೆಯೇ. ಹನ್ನೊಂದು ವರ್ಷದ ಹಿಂದೆ ಮುದ್ದೇಬಿಹಾಳದಲ್ಲಿದ್ದಾಗ ಮುನಸೀಫರ ಎದುರು ನಾನು ಇದೇ ಹೊಡೆತ ಹೊಡೆದಿದ್ದೆ. ಮೂರು ತಿಂಗಳು ಕೋರ್ಟಿನ ತುಂಬ ಅದೇ ಮಾತಾಗಿತ್ತು. ಬೀಗರ ಎದುರು ಅಂಥದೊಂದು ಆಗಬೇಕು, ಇಂಡಿಗೆ ಹೋಗಿ ಅವರು ನಾಲ್ಕು ಜನಕ್ಕೆ ಹೇಳಬೇಕು ಎನಿಸಿತು. ಬರೀ ಗೆಲುವು ಸಾಲದಾಯಿತು ನನಗೆ.

ದುಗ್ಗಿ ಬಿಟ್ಟೆ. ಮಾತು ಕೊಟ್ಟವರ ಜೋಡಿಯವನು ಎಲೆ ಬಿಚ್ಚಿಡಬೇಕೆಂಬ ನಿಯಮದಂತೆ ವಕೀಲರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಹಾಸಿದರು, ಅದರಲ್ಲಿ ಬದಾಮಿನ ರಾಜ ಇರಲಿಲ್ಲ. ನನ್ನ ಎದೆ ಉಬ್ಬಿತು. ಬೀಗರು ಸ್ವಲ್ಪ ತಡೆದು ರಾಣಿ ಹಾಕಿದರು. ರಾಜ ಇದ್ದವರು ರಾಣಿ ಏಕೆ ಹಾಕುತ್ತಾರೆ ಎಂದು ನಾನು ಅಂದುಕೊಳ್ಳುವುದರೊಳಗೆ ಡಾಕ್ಟರು ರಾಜನನ್ನು ತೆಗೆದು ಇಟ್ಟರು. ಮಗಳೇ, ಅವರ ಬಳಿ ಬದಾಮಿನ ಎಲೆ ಇದ್ದದ್ದೇ ಒಂದು, ಅದೇ ಆ ರಾಜ. ನಾನು ಎಕ್ಕ ಇಟ್ಟಿದ್ದರೆ ಆ ರಾಜ ಎಕ್ಕದ ಕೆಳಗೆ ಬಿದ್ದು ಸಾಯಬೇಕಾಗಿತ್ತು. ಮುಂದೆ ಬದಾಮು ಬಂದಾಗಲೆಲ್ಲ ಡಾಕ್ಟರು ಹುಕುಮಿನಿಂದ ಹೊಡೆದರು. ನಮಗೆ ಚೌಕಟ್ಟಿನಲ್ಲಿ ಎರಡು, ಕಿಲಾವರದಲ್ಲಿ ಒಂದು, ಒಟ್ಟು ಮೂರೇ ಕೈ. ಅವರಿಗೆ ಸರಿಯಾಗಿ ಹತ್ತು. ನನ್ನ ಎಕ್ಕ ಒಂದೂ ಕೈ ಗೆಲ್ಲದೆ ಕೈಯಲ್ಲೇ ಕೊಳೆಯಿತು.

ಬೀಗರು ಆ ಎಕ್ಕವನ್ನು ನೋಡಿದ್ದು ನನ್ನ ಕಡೆಯ ಎಲೆಯಾಗಿ ಅದು ಮೇಜಿಗೆ ಬಿದ್ದಾಗ. ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ನಿಮ್ಮ ಕಡೆ ಇತ್ತೇನ್ರಿ?" ಎಂದರು. ಇತ್ತು ಎಂದೆ. "ಎಕ್ಕಾ ಇಟ್ಕೊಂಡು ದುಗ್ಗಿ ಬಿಡೋರ ಜೋಡಿ ನಾ ಏನ್ ಆಡ್ಲಿರಿ ಬೀಗ್ರ? ನನ್ನ ಮ್ಯಾಲ ವಿಶ್ವಾಸ ಇಟ್ರಿ ಅನ್ಲೋ, ನನ್ನ ನಗಿಗೀಡ ಮಾಡಿದ್ರಿ ಅನ್ಲೋ?" ಎಂದು ಎಲೆಯನ್ನು ಮೇಜಿನ ಮೇಲೆ ಒಗೆದು ಟೊಪ್ಪಿಗೆ ಹುಡುಕಿದರು. ಡಾಕ್ಟರು ನಗೆ ತಡೆಯಲು ಕೆಮ್ಮಿದರು. ವಕೀಲರು ಪಂಚನಾಮೆಗೆಂದು ಎಲೆ ಹಾಸತೊಡಗಿದ್ದರು. ಬೀಗರು ಬಸ್ಸಿನ ಹೊತ್ತಾಯಿತೆಂದು ಎದ್ದೇಬಿಟ್ಟರು. ನನ್ನ ಕಡೆಯ ಮಾತು ಒಂದನ್ನೂ ಕೇಳದೆ ಎದ್ದರು. ನಮ್ಮ ಕ್ಲಬ್ಬಿನಲ್ಲಿ ಇದುವರೆಗೆ ಯಾರೂ ಹಾಗೆ ಎದ್ದಿರಲಿಲ್ಲ.

ಬೀಗರನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಹೋಗದಿದ್ದರೆ ಆಗುತ್ತದೆಯೇ? ಹೋದೆ. ಬಸ್ಸು ಹೊರಡುವುದರಲ್ಲಿತ್ತು. ಸಂತೆಯಂಥ ಗದ್ದಲ. ಅವರ ಮುಖ ನೋಡಿದರೆ ಮಾತು ಹೊರಡುವ ಹಾಗಿರಲಿಲ್ಲ. ಹತ್ತಿಸಿ ಬಂದೆ. ಹೀಗಾಗಿ ನಿನ್ನ ವಿಚಾರ ಎತ್ತುವ ಸಂದರ್ಭವೇ ಒದಗಲಿಲ್ಲ.

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಎಂಬುದೇ ತಿಳಿಯುತ್ತಿಲ್ಲ. ಒಮ್ಮೆ ಡಾಕ್ಟರ ಮೇಲೆ ಬರುತ್ತದೆ. ಆ ಮನುಷ್ಯ ಜ್ವರಕ್ಕೆ ಔಷಧ ಕೇಳಲು ಬಂದವರಿಗೂ ಈ ಕಥೆ ಹೇಳುತ್ತಿದ್ದಾನಂತೆ. ಮಡಿವಾಳಪ್ಪ ಮಂಗಳವಾರ ಬಜಾರದಲ್ಲಿ ಸಿಕ್ಕು, ದುಗ್ಗಿ ಸಾಹೇಬರು ಎಲ್ಲಿಗೆ ಹೊರಟರು ಎಂದು ವಿಚಾರಿಸಿದ. ಮೂವತ್ತು ವರ್ಷದ ಸ್ನೇಹ, ಇಲ್ಲದಿದ್ದರೆ ಕೈಯಲ್ಲಿದ್ದ ಕೊಡೆ ಅವನ ಮೇಲೆ ಮುರಿಯುತ್ತಿತ್ತು. ಒಮ್ಮೆ ಬೀಗರ ಮೇಲೂ ಬರುತ್ತದೆ. ರಾಜ ಯಾರ ಬಳಿ ಇರಬೇಕೆಂದು ನನ್ನನ್ನು ಕೇಳಿ ಹಂಚುತ್ತಾರೆಯೇ? ಅವರ ಬಳಿ ಇದ್ದಿದ್ದರೆ ಅದೇ ಬೀಗರು ನನ್ನನ್ನು ಅಪ್ಪಿಕೊಳ್ಳುತ್ತಿರಲಿಲ್ಲವೇ? ಮುದ್ದೇಬಿಹಾಳದಲ್ಲಿ ಆವತ್ತಿನ ನನ್ನ ಜೋಡಿಯವರು ಅಪ್ಪಿಕೊಂಡಿದ್ದರು. ಅದೇ ಎಲೆ, ಅದೇ ಬುದ್ಧಿ, ಅಲ್ಲಿ ಶಹಬಾಸ್, ಇಲ್ಲಿ ನಗೆಪಾಟಲು.

ಸೋಮವಾರ ನಿನ್ನ ತಾಯಿಯನ್ನು ಎದುರು ಕೂರಿಸಿಕೊಂಡು ಚಾಪೆಯ ಮೇಲೆ ಐವತ್ತೆರಡೂ ಎಲೆ ಹಾಸಿ ತೋರಿಸಿದೆ. ನನ್ನ ಎಣಿಕೆ ತಪ್ಪಲ್ಲ, ಹಂಚಿಕೆಯೇ ಕೆಟ್ಟದ್ದು ಎಂದು ಒಂದೊಂದೇ ಎಲೆ ಎತ್ತಿ ತಿಳಿಸಿ ಹೇಳಿದೆ. ಆಕೆ ಕಾಳು ಆರಿಸುತ್ತ ಎಲ್ಲ ಕೇಳಿದಳು. ಆಮೇಲೆ, "ನನ್ನ ಮಗಳು ಸಾಲಿ ಕಲಸೋಳು ಆಗ್ತಿದ್ಲು. ನಿಮಗ ಎಲಿ ಆಟದ್ದ ಆಗೈತಿ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ರೊಟ್ಟಿ ಬಡಿಸಿ, ನೀರು ಇಟ್ಟು ಹಿತ್ತಲಿಗೆ ಹೋಗಿಬಿಡುತ್ತಾಳೆ. ನೆರೆಮನೆಯ ಸಿದ್ದಲಿಂಗವ್ವ ಬಂದಾಗ ಇಬ್ಬರೂ ನನ್ನ ಕಡೆ ಬೆನ್ನು ಮಾಡಿ ಕೂರುತ್ತಾರೆ.

ನಿನ್ನೆ ಬುಧವಾರ ಇಡೀ ದಿನ ಆ ಅರ್ಜಿಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೆ. ನಿನ್ನ ಅಕ್ಷರ ಎಷ್ಟು ದುಂಡಗಿದೆ. ಪೋಷಕರ ಸಹಿ ಎಂಬಲ್ಲಿ ಮಾತ್ರ ಖಾಲಿ. ನಾನೇ ಅಲ್ಲಿ ಅವರ ಹೆಸರು ಗೀಚಿಬಿಡಲೇ ಎಂದು ಕೂಡ ಒಂದು ಗಳಿಗೆ ಅನ್ನಿಸಿತು. ಕೋರ್ಟಿನಲ್ಲಿ ಜನ್ಮ ಸವೆಸಿದವನಿಗೆ ಬರಬಾರದ ವಿಚಾರ ಅದು. ಸಂಜೆ ಕಚೇರಿ ಮುಚ್ಚುವ ಹೊತ್ತಾದ ಮೇಲೆ ಮಡಚಿ ಪೆಟ್ಟಿಗೆಯಲ್ಲಿ ಇಟ್ಟೆ.

ಬೇರೆ ಸುದ್ದಿ ಹೆಚ್ಚಿಲ್ಲ. ಮೊನ್ನೆ ಒಂದು ಹದ ಮಳೆಯಾಯಿತು, ತೊಗರಿ ಬಿತ್ತುವವರು ಹೊಲಕ್ಕೆ ಇಳಿದಿದ್ದಾರೆ. ಮಸೂತಿ ಊರಿನಿಂದ ನಿನ್ನ ಲಾಲಬಿ ಚಿಕ್ಕಮ್ಮ ಮಾವಿನಕಾಯಿ ಉಪ್ಪಿನಕಾಯಿ ಕಳಿಸಿದ್ದಾಳೆ, ನಿನ್ನ ಪಾಲಿನದನ್ನು ಬೇರೆ ಭರಣಿಯಲ್ಲಿ ಕಟ್ಟಿಟ್ಟಿದೆ. ನಿನ್ನ ತಾಯಿಯ ಮೊಣಕಾಲು ನೋವು ಕಡಿಮೆಯಾಗಿದೆ. ನನ್ನ ಕನ್ನಡಕದ ಒಂದು ಕಡ್ಡಿ ಮುರಿದಿದೆ, ದಾರ ಕಟ್ಟಿಕೊಂಡಿದ್ದೇನೆ.

ಅಳಿಯಂದಿರಿಗೆ ನನ್ನ ಸಲಾಮು ತಿಳಿಸು. ನಿನ್ನ ಅತ್ತೆಗೆ ನಿನ್ನ ತಾಯಿಯ ಸಲಾಮು. ವೇಳೆಗೆ ಸರಿಯಾಗಿ ಉಣ್ಣು. ಈ ಕಾಗದ ಓದಿ ಎರಡು ದಿನ ಊಟ ಬಿಡುವುದು ಮಾಡಬೇಡ, ಈ ಸಲ ನಿನ್ನ ತಲೆಯ ಮೇಲೆ ಕೈಯಿಟ್ಟು ಹೇಳಲು ನನ್ನ ಹತ್ತಿರ ಏನೂ ಇಲ್ಲ. ದೇವರು ನಿನಗೆ ಆಯುಷ್ಯ, ಆರೋಗ್ಯ, ನನಗಿಂತ ಹೆಚ್ಚಿನ ವಿವೇಕ ಕೊಡಲಿ.

ಇಂತಿ ನಿನ್ನ ತಂದೆ,
ಶಮಶುದ್ದೀನ

ತಾ.ಕ. – ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಮ್ಮೆ ಓದಿದೆ. ಬಸ್ ಸ್ಟ್ಯಾಂಡಿನ ಬಗ್ಗೆ ಮೇಲೆ ಬರೆದದ್ದು ನಿಜವಲ್ಲ. ನಿನ್ನ ತಾಯಿಗೂ ಆ ಸುಳ್ಳನ್ನೇ ಹೇಳಿದ್ದೇನೆ. ಬಸ್ಸು ಆವತ್ತು ಅರ್ಧ ತಾಸು ತಡವಾಗಿ ಬಂತು. ಬೀಗರ ಸಿಟ್ಟು ದಾರಿಯಲ್ಲೇ ಇಳಿದಿತ್ತು. ಬೇವಿನ ಮರದ ಕಟ್ಟೆಯ ಮೇಲೆ ಕುಳಿತು, ಸರಿದು ನನಗೂ ಜಾಗ ಮಾಡಿಕೊಟ್ಟು, ಅವರೇ ಮಾತು ತೆಗೆದರು. "ಬೀಗ್ರ, ನಿಮಗ ಏನೋ ಮಾತಾಡೋದೈತಿ ಅಂತ ಇಸಾಕ ಅಂದಿದ್ದ. ಜೈತುನ ಓಣಿ ಹುಡುಗೋರ್ನ ಕೂಡಿಸ್ಕೊಂಡು ಅಕ್ಷರ ಕಲಸ್ತಾಳ, ನಾ ನೋಡೇನಿ. ಅಕೀ ವಿಚಾರ ಏನರ ಇದ್ರ ಹೇಳ್ರಿ, ನಾ ಏನ್ ಒಲ್ಲೆ ಅನ್ನಂಗಿಲ್ಲ" ಎಂದರು.

ನಾನು ಏನೆಂದೆ ಗೊತ್ತೇ? "ಅದಿರ್ಲಿ ಬೀಗ್ರ, ನಾ ಆ ದುಗ್ಗಿ ಯಾಕ ಬಿಟ್ಟೆ ಅನ್ನೋದು ಮೊದಲ ಕೇಳ್ರಿ" ಎಂದೆ. ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ನಾಲ್ವರ ಎಲೆಗಳನ್ನೂ ಬರೆದೆ. ಮುನಸೀಫರ ಕಥೆ ಹೇಳಿದೆ. ಬಸ್ಸು ಬಂತು, ಜನ ಹತ್ತಿದರು, ಕಂಡಕ್ಟರು ಎರಡು ಸಲ ಕೂಗಿದ, ನಾನು ಬಿಡಲಿಲ್ಲ. ಕೊನೆಗೆ ಬೀಗರು "ಆತ್ರಿ, ನಿಮ್ಮದೂ ಖರೆ ಐತಿ" ಎಂದು ಹೇಳಿ ಹತ್ತಿದರು. ಒಪ್ಪಿಸಿಬಿಟ್ಟೆನಲ್ಲ ಎಂಬ ಸಂತೋಷದಲ್ಲಿ ಮನೆಗೆ ಬಂದೆ. ನಿನ್ನ ತಾಯಿ ಬಾಗಿಲಲ್ಲೇ ನಿಂತು ಸಹಿ ಮಾಡಿದರೇ ಎಂದು ಕೇಳಿದಾಗಲೇ ನನಗೆ ಅರ್ಜಿಯ ನೆನಪಾದದ್ದು. ನಿನ್ನ ಮಾವನ ಮೇಲೆ ಮನಸ್ಸು ಕಹಿ ಮಾಡಿಕೊಳ್ಳಬೇಡ, ಮಗಳೇ. ಅವರು ಕೇಳಿದ್ದರು.